ನಲವತ್ತೊಂದರಲ್ಲಿ ಮೂರು

ಅಂಗಿಯ ಎಡತೋಳಿನೊಳಕ್ಕೆ ಗಂಡನ ಸೆಟೆದ ಕೈಯನ್ನು ಸೇರಿಸಲು ಹೆಂಡತಿ ಮೂರನೆಯ ಸಲ ಹೆಣಗುತ್ತಿದ್ದಾಗ ಮಗಳು ಕೋಣೆಯ ಬಾಗಿಲನ್ನು ಅರ್ಧ ತೆರೆದು ಇಣುಕಿದಳು.

"ಅಮ್ಮ, ಯಾರೋ ಒಬ್ರು ಹೆಂಗಸು ಬಂದಿದ್ದಾರೆ. ಕೋಲೂರಿಕೊಂಡು. ಅಪ್ಪನ ಆಸ್ಪತ್ರೆಯವರೆಲ್ಲ ಎದ್ದು ನಿಂತು ಕುರ್ಚಿ ಕೊಟ್ರು."

"ಯಾರಂತೆ?"

"ಹೆಸರು ಗೊತ್ತಿಲ್ಲ. ತಳ್ಳುಗಾಡಿ ಮಾಮ 'ಬಾರಮ್ಮ ಇಪ್ಪತ್ತಾರು' ಅಂದ್ರು."

ಹೆಂಡತಿಯ ಕೈ ಅಲ್ಲೇ ನಿಂತಿತು. ಶವದ ಕಾಲ್ದೆಸೆಯಲ್ಲಿ ಕುಳಿತು ಅಣ್ಣನ ಪಾದಗಳಿಗೆ ಕಾಲುಚೀಲ ತೊಡಿಸುತ್ತಿದ್ದ ನಾದಿನಿ ತಲೆಯೆತ್ತಿದಳು.

"ಬಂದೇಬಿಟ್ಲಾ! ಹತ್ತೊಂಬತ್ತು ವರ್ಷ ಆದ್ರೂ ದಾರಿ ಮರೆತಿಲ್ಲ ನೋಡಿ ಅತ್ತಿಗೆ."

"ಯಾರತ್ತೆ ಅದು?" ಮಗಳು ಕೇಳಿದಳು.

"ಅದನ್ನ ನಿಮ್ಮಪ್ಪ ಹೇಳ್ಬೇಕಿತ್ತು. ಇದ್ದಾಗಲೇ ಬಾಯಿ ಬಿಡಲಿಲ್ಲ, ಇನ್ನು ಈಗ ಬಿಡ್ತಾನಾ?"

"ಸುಮ್ನಿರು ನೀನು," ಎಂದಳು ಹೆಂಡತಿ. ಆಮೇಲೆ ಮಗಳ ಕಡೆ ತಿರುಗಿ, "ಅವಳು ಹೊರಗೇ ಇರ್ಲಿ. ಈ ಕೋಣೆಯೊಳಗೆ ಮಾತ್ರ ಬರಕೂಡದು," ಎಂದಳು.

ಮಗಳು ಹೋದ ಮೇಲೆ ಆಕೆ ಗಂಡನ ಮುಖವನ್ನು ನೋಡಿದಳು. ಹತ್ತೊಂಬತ್ತು ವರ್ಷಗಳಿಂದ ಪ್ರಾರ್ಥನೆಗೆ ಕುಳಿತಾಗಲೆಲ್ಲ ಆಕೆ ದೇವರಲ್ಲಿ ಬೇಡಿಕೊಂಡದ್ದು ಒಂದನ್ನೇ: ಆ ಹೆಂಗಸು ಇವನಿಗೆ ಏನಾಗಿದ್ದಳೆಂಬುದು ತಿಳಿಯುವವರೆಗೆ ತಮ್ಮಿಬ್ಬರಲ್ಲಿ ಯಾರನ್ನೂ ಕರೆದುಕೊಳ್ಳಬೇಡ ಎಂದು. ದೇವರು ಅವನನ್ನು ಕರೆದುಕೊಂಡ. ಉತ್ತರವನ್ನು ಕೋಲೂರಿಸಿ ಬಾಗಿಲಿಗೆ ಕಳಿಸಿದ. ಶವಪೆಟ್ಟಿಗೆಯನ್ನು ಗಾಡಿಗೆ ಏರಿಸಲು ಇನ್ನು ಒಂದು ಗಂಟೆ ಉಳಿದಿತ್ತು.

ಸತ್ತವನು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಹಾಸಿಗೆಗಳ ಗುಮಾಸ್ತನಾಗಿದ್ದವನು. ಔಷಧ ಕೊಟ್ಟವನಲ್ಲ, ನಾಡಿ ಹಿಡಿದವನಲ್ಲ. ದಿನವೂ ಬೆಳಗ್ಗೆ ಎಂಟಕ್ಕೆ ವಾರ್ಡಿನಿಂದ ವಾರ್ಡಿಗೆ ನಡೆದು, ಯಾವ ಹಾಸಿಗೆಯಲ್ಲಿ ಯಾರಿದ್ದಾರೆ, ಅವರಿಗೆ ಇದು ಎಷ್ಟನೆಯ ದಿನ ಎಂಬುದನ್ನು ಎಣಿಸಿ ಬರೆದುಕೊಂಡು, ಮೊಗಸಾಲೆಯ ಹಲಗೆಗೆ ಬಡಿದ ಕೊಕ್ಕೆಗಳಲ್ಲಿ ತಗಡಿನ ಬಿಲ್ಲೆಗಳನ್ನು ತೂಗುಹಾಕುವುದು ಅವನ ಕೆಲಸ. ತುಂಬಿದ ಹಾಸಿಗೆಗೆ ಕೆಂಪು, ಖಾಲಿಯಾದುದಕ್ಕೆ ಬಿಳಿ. ಹೊರಗೆ ನೆಲದ ಮೇಲೆ ರೋಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದವರಿಗೆ ಬಿಳಿಯ ಬಿಲ್ಲೆಯೇ ದೈವದರ್ಶನ. ಅದನ್ನು ತಿರುಗಿಸುವ ಕೈ ಇವನದು. ಎಲ್ಲರೂ ಅವನನ್ನು 'ಹಾಸಿಗೆ ಸಾಹೇಬ್ರು' ಎನ್ನುತ್ತಿದ್ದರು. ಹಾಗೆ ಕರೆದು ನಗುತ್ತಿದ್ದರು, ಅವನೂ ಜೊತೆಗೂಡಿ ನಗುತ್ತಿದ್ದ. ನಗದೆ ಉಳಿದವಳು ಹೆಂಡತಿಯೊಬ್ಬಳೇ.

ನಡುಮನೆಯಿಂದ ಮಾತು ಕೇಳಿಸುತ್ತಿತ್ತು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ರೋಗಿಗಳನ್ನು ತಳ್ಳಿಕೊಂಡು ತಿರುಗಿ 'ತಳ್ಳುಗಾಡಿ' ಎಂದೇ ಹೆಸರಾದ ಮುದುಕನ ಗಂಟಲು ಎಲ್ಲಕ್ಕಿಂತ ದೊಡ್ಡದು.

"ಬೆಳಗಿನ ಎಣಿಕೆ ಮುಗಿದ್ಮೇಲೆ ಒಂಬತ್ತೂವರೆಗೆ ಸಾಹೇಬ್ರನ್ನ ಕರ್ಕೊಂಡು ಬಂದ್ರಂತೆ. ಸಾಯಂಕಾಲ ನಾಲ್ಕಕ್ಕೆ ಹೊರಟುಹೋದ್ರು. ಮಾರನೇ ದಿನದ ಎಣಿಕೆಗೂ ಸಿಗಲಿಲ್ಲ. ಇವ್ರು ಹಾಸಿಗೆ ಹಿಡಿದ್ರು ಅನ್ನೋದಕ್ಕೆ ಆಸ್ಪತ್ರೇಲಿ ಒಂದು ಗೀಟೂ ಇಲ್ಲ!"

"ಸಾಯೋವಾಗ್ಲೂ ವಾರ್ಡಿನ ಸರಾಸರಿ ಕೆಡಿಸಲಿಲ್ಲ ಪುಣ್ಯಾತ್ಮ," ಎಂದಿತು ನರ್ಸುಗಳ ಮುಖ್ಯಸ್ಥೆಯಾಗಿ ನಿವೃತ್ತಳಾದ ದೊಡ್ಡ ಸಿಸ್ಟರಿನ ದನಿ. ನಗು ಎದ್ದಿತು, ಎದ್ದ ನಗು ಮೂಗೊರೆಸಿಕೊಳ್ಳುವ ಸದ್ದಿನಲ್ಲಿ ಮುಗಿಯಿತು.

*

ಹತ್ತೊಂಬತ್ತು ವರ್ಷಗಳ ಹಿಂದೆ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಪಿತ್ತಕೋಶದಲ್ಲಿ ಕಲ್ಲು ಸೇರಿ, ಗಂಡನ ಆಸ್ಪತ್ರೆಯಲ್ಲೇ ಹೊಟ್ಟೆ ಕೊಯ್ಯಿಸಿಕೊಂಡು ಹೆಂಗಸರ ವಾರ್ಡಿನ ಏಳನೆಯ ಹಾಸಿಗೆಯಲ್ಲಿ ಮಲಗಿದ್ದಳು. ಆರು ದಿನ ಇರಬೇಕೆಂದು ವೈದ್ಯರು ಹೇಳಿದ್ದರು. ಮೂರನೆಯ ದಿನ ಬೆಳಗ್ಗೆ ಎಣಿಕೆ ಮುಗಿಸಿ ಬಂದ ಗಂಡ, ಬಿಡುಗಡೆಯ ಚೀಟಿಯನ್ನು ಕೈಯಲ್ಲಿ ಹಿಡಿದೇ ಹಾಸಿಗೆಯ ಪಕ್ಕ ನಿಂತ.

"ಏಳ್ತೀಯಾ? ಮನೆಗೆ ಹೋಗೋಣ."

"ಡಾಕ್ಟ್ರು ಆರು ದಿನ ಅಂದಿದ್ರಲ್ಲ?"

"ಕೇಳಿದೀನಿ. ಜ್ವರ ಇಲ್ಲ, ಗಾಯ ಚೆನ್ನಾಗಿದೆ. ಮನೇಲಿ ನಾನಿದ್ದೀನಲ್ಲ."

"ಪಕ್ಕದವಳಿಗೂ ಇದೇ ಆಪರೇಷನ್ನು, ಇದೇ ದಿನ. ಅವಳನ್ನ ಕಳಿಸ್ತಿಲ್ಲ."

"ಅವಳ ಮನೇಲಿ ನಾನಿಲ್ಲ," ಎಂದ ಅವನು.

ಪಕ್ಕದ ಹಾಸಿಗೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಿಗೆ ಅತ್ತಳು, ಮತ್ತೆ ನಕ್ಕಳು. ಹೆಂಡತಿಗೂ ನಗು ಬಂದಿತ್ತು. ಮನೆಗೆ ಬಂದ ಮೇಲೆ ಅವನು ಸಿಸ್ಟರಿನಿಂದ ಕಲಿತುಕೊಂಡಂತೆ ಮೊಳಕೈವರೆಗೆ ಸೋಪು ಹಚ್ಚಿ ತೊಳೆದು, ಉಸಿರು ಬಿಗಿಹಿಡಿದು, ಗಾಯದ ಬಟ್ಟೆಯನ್ನು ಬದಲಿಸುತ್ತಿದ್ದ. ಅಂಥ ಮೃದುತ್ವ ಆ ಬೆರಳುಗಳಲ್ಲಿತ್ತೆಂದು ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಆಕೆಗೆ ತಿಳಿದಿರಲಿಲ್ಲ. ಆ ಕೆಲವು ದಿನಗಳ ಸುಖವನ್ನು ಆಕೆ ಯಾರಲ್ಲೂ ಹೇಳದೆ ಬಚ್ಚಿಟ್ಟುಕೊಂಡಳು.

ತಿಂಗಳು ಕಳೆದ ಮೇಲೆ ಅದನ್ನು ಕೆಡಿಸಿದವಳು ನಾದಿನಿ. ಹಲ್ಲುನೋವಿಗೆಂದು ಆಸ್ಪತ್ರೆಗೆ ಹೋಗಿ, ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ಕಚ್ಚಿಕೊಂಡೇ ನೇರವಾಗಿ ಅತ್ತಿಗೆಯ ಬಳಿಗೆ ಬಂದಳು.

"ಅತ್ತಿಗೆ, ನಿಮ್ಮನ್ನ ಮೂರೇ ದಿನಕ್ಕೆ ಎಬ್ಬಿಸಿಕೊಂಡು ಬಂದನಲ್ಲ ಅಣ್ಣ, ಇಪ್ಪತ್ತಾರನೇ ಹಾಸಿಗೆಯವಳನ್ನ ಒಂದು ತಿಂಗಳಿಂದ ಇಟ್ಕೊಂಡಿದ್ದಾನಂತೆ."

ಹತ್ತಿಯ ಅಡಚಣೆಯಲ್ಲೂ ಆ ಕೊನೆಯ ಮಾತನ್ನು ಅವಳು ಸ್ಪಷ್ಟವಾಗಿಯೇ ಉಚ್ಚರಿಸಿದ್ದಳು.

ಆ ರಾತ್ರಿಯ ಊಟದ ಹೊತ್ತಿಗೆ ಹೆಂಡತಿ ಕೇಳಿದ್ದಳು. "ಇಪ್ಪತ್ತಾರರಲ್ಲಿ ಯಾರಿದ್ದಾರೆ?"

"ಒಬ್ಬ ಹೆಂಗಸು. ಸೊಂಟ ಮುರಿದಿದೆ."

"ಎಷ್ಟನೇ ದಿನ?"

"ಮೂವತ್ತೇಳು," ಎಂದ. ನೆನಪಿಸಿಕೊಳ್ಳಲು ಅವನಿಗೆ ಕ್ಷಣಮಾತ್ರವೂ ಬೇಕಾಗಲಿಲ್ಲ. ಆಮೇಲೆ ಉಪ್ಪು ಕೇಳಿದ.

*

ಅಂಗಿಯ ಗುಂಡಿಗಳನ್ನು ಕೊರಳಿನವರೆಗೂ ಹಾಕಿ ಹೆಂಡತಿ ಎದ್ದಳು. ನಾಲ್ವರು ಬಂದು ಶವವನ್ನು ಪೆಟ್ಟಿಗೆಯಲ್ಲಿಟ್ಟು ನಡುಮನೆಗೆ ತಂದರು. ಅವರ ಹಿಂದೆಯೇ ಆಕೆ ಹೊರಬಂದಳು. ಯಾರನ್ನೂ ನೋಡಬಾರದೆಂದುಕೊಂಡು ಮೊದಲು ನೋಡಿದ್ದು ಆ ಹೆಂಗಸನ್ನೇ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಅವಳು ಕುಳಿತಿದ್ದಳು. ಅರುವತ್ತರ ಸುಮಾರು. ತಲೆ ಪೂರ್ತಿ ನರೆತಿತ್ತು. ಬಲಗೈಯ ಹೆಬ್ಬೆರಳಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಗಟ್ಟಿಯಾದ ಗುರುತು. ಹೊಲಿಗೆಯವಳು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳ ಒಂದು ಪಕ್ಕದಲ್ಲಿ ದೊಡ್ಡ ಸಿಸ್ಟರ್, ಇನ್ನೊಂದು ಪಕ್ಕದಲ್ಲಿ ತಳ್ಳುಗಾಡಿ. ಒಂದೇ ಮನೆಯ ಮೂವರಂತೆ ಒತ್ತಿಕೊಂಡು ಕುಳಿತಿದ್ದರು. ಹಾಗೆ ಒತ್ತಿಕೊಂಡು ಕೂರುವ ಒಬ್ಬರೂ ಆ ಹೊತ್ತಿಗೆ ತನ್ನ ಪಾಲಿಗೆ ಇರಲಿಲ್ಲವೆಂಬುದು ಹೆಂಡತಿಗೆ ಚುಚ್ಚಿತು.

ಹೊಲಿಗೆಯವಳು ಏಳಲು ಹೋದಳು. ಹೆಂಡತಿ ಮುಖ ತಿರುಗಿಸಿ ಪೆಟ್ಟಿಗೆಯ ತಲೆಯ ಕಡೆ ಕುಳಿತಳು.

*

ಮೂವತ್ತೆಂಟನೆಯ ದಿನ. ಗಂಡ ಕನ್ನಡಕ ಮರೆತುಹೋಗಿದ್ದ. ಅಥವಾ ಆಕೆಯೇ ಅದನ್ನು ಕಪಾಟಿನ ಹಿಂದಕ್ಕೆ ಸರಿಸಿದ್ದಳು. ಸಂಜೆ ಐದಕ್ಕೆ ಕನ್ನಡಕದ ನೆಪದಲ್ಲಿ ಆಸ್ಪತ್ರೆಗೆ ಹೋಗಿ, ವಾರ್ಡಿನ ತುದಿಯ ಕಂಬದ ಮರೆಯಿಂದ ಇಣುಕಿದಳು. ಇಪ್ಪತ್ತಾರನೆಯ ಹಾಸಿಗೆಯ ಕಾಲ್ದೆಸೆಯಲ್ಲಿ ಮುಕ್ಕಾಲಿ ಹಾಕಿಕೊಂಡು ಗಂಡ ಕುಳಿತಿದ್ದ. ಹೆಂಗಸಿನ ಬಲಪಾದ ಅವನ ಎರಡೂ ಅಂಗೈಗಳೊಳಗೆ ಇತ್ತು. ಅವನು ಏನೋ ಹೇಳುತ್ತಿದ್ದ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ತುಟಿಯಲ್ಲಿ ನಗು.

ಕನ್ನಡಕವನ್ನು ಕಾವಲುಗಾರನ ಕೈಗಿತ್ತು ಹೆಂಡತಿ ಮನೆಗೆ ಬಂದಳು. ಐದೂಮುಕ್ಕಾಲಿಗೆ ಎಂದಿನಂತೆ ಅವನು ಬಂದ. ಅವನು ಕೈ ತೊಳೆದನೇ ಇಲ್ಲವೇ ಎಂದು ಆಕೆ ನೋಡಿದಳು. ತೊಳೆದ. ತೊಳೆದದ್ದೂ ಆಕೆಗೆ ಅನುಮಾನವಾಯಿತು.

ಆಮೇಲೆ ಒಂದು ವಾರ ಕಳೆದು, ಒಗೆಯಲೆಂದು ಅವನ ಷರಾಯಿಯ ಜೇಬು ತಡಕಿದಾಗ ಬಿಡುಗಡೆಯ ಚೀಟಿಯ ಪ್ರತಿಯೊಂದು ಸಿಕ್ಕಿತು. ಹಾಸಿಗೆ: ಇಪ್ಪತ್ತಾರು. ದಿನ: ನಲವತ್ತೊಂದು. ಕರೆದೊಯ್ಯುವವರು: ಗಂಡನ ಸಹಿ. ವಿಳಾಸ: ತಾನು ನಿಂತಿದ್ದ ಇದೇ ಮನೆ, ಇದೇ ಬೀದಿ. ಸಂಬಂಧ ಎಂಬಲ್ಲಿ ಒಂದು ಅಡ್ಡಗೀಟು.

ಕಾಗದದ ಮೇಲೆ ಆ ಹೆಂಗಸು ತನ್ನ ಮನೆಯ ಹೊಸಿಲು ದಾಟಿ ಒಳಗೆ ಬಂದಾಗಿತ್ತು. ಚೀಟಿಯನ್ನು ಆಕೆ ಒಲೆಗೆ ಹಾಕಿದಳು. ಸುಟ್ಟುಹೋದದ್ದು ಕಾಗದ ಮಾತ್ರ. ಮುಂದೆ ಹತ್ತೊಂಬತ್ತು ವರ್ಷ, ಮಳೆಯಲ್ಲಿ ಅವನ ಶೀತಕ್ಕೆ ಆವಿ ಹಿಡಿಸುವಾಗಲೂ, ಮಗಳ ಮದುವೆಯಲ್ಲಿ ಅವನ ಪಕ್ಕ ನಿಂತಾಗಲೂ, ಆ ಅಡ್ಡಗೀಟಿನ ಜಾಗದಲ್ಲಿ ಏನು ಬರೆಯಬೇಕಾಗಿತ್ತೆಂದು ಆಕೆ ಹುಡುಕುತ್ತಲೇ ಇದ್ದಳು. ಕೇಳಿದ್ದರೆ ಅವನು ಹೇಳುತ್ತಿದ್ದನೇನೋ. ಕೇಳುವುದೆಂದರೆ ತಾನು ಕಂಬದ ಮರೆಯಲ್ಲಿ ನಿಂತದ್ದನ್ನು ಒಪ್ಪಿಕೊಳ್ಳುವುದಾಗಿತ್ತು.

*

ಗಾಡಿ ಬರುವುದು ತಡವಾಯಿತು. ತಡವಾದಾಗ ತಳ್ಳುಗಾಡಿಗೆ ಬಾಯಿ ಕಟ್ಟಿಕೊಂಡು ಕೂರುವ ಅಭ್ಯಾಸವಿರಲಿಲ್ಲ. ಅವನು ಮಗಳನ್ನು ಕರೆದು ಹತ್ತಿರ ಕೂರಿಸಿಕೊಂಡ.

"ನಿಮ್ಮಪ್ಪನ ತಲೆ ಎಂಥಾದ್ದು ಗೊತ್ತೇನಮ್ಮ ನಿಂಗೆ? ಇಗೋ, ಈ ಇಪ್ಪತ್ತಾರೇ ಸಾಕ್ಷಿ. ಆವಾಗ ಮೇಲಿಂದ ಒಂದು ಆರ್ಡರ್ ಬಂದಿತ್ತು. ಒಬ್ಬ ರೋಗಿ ಸರಾಸರಿ ಆರು ದಿನಕ್ಕಿಂತ ಜಾಸ್ತಿ ಇದ್ರೆ, ಆ ವಾರ್ಡಿನ ಹತ್ತು ಹಾಸಿಗೆ ಕಿತ್ತು ಬೇರೆ ಕಡೆ ಹಾಕ್ತೀವಿ ಅಂತ. ನಮ್ಮ ಹೆಂಗಸರ ವಾರ್ಡು ಆರಕ್ಕೆ ಆರು ನಿಂತಿತ್ತು, ಕೂದಲೆಳೆ ಮೇಲೆ. ಅಷ್ಟೊತ್ತಿಗೆ ಈಯಮ್ಮ ಸೊಂಟ ಮುರ್ಕೊಂಡು ಬಂದ್ಲು. ಹಿಂದಿಲ್ಲ ಮುಂದಿಲ್ಲ. ನಾಲ್ಕನೇ ಮಹಡೀಲಿ ಬಾಡಿಗೆ ಕೋಣೆ, ಒಂದು ಹೊಲಿಗೆ ಮೆಷಿನ್ನು. ಡಾಕ್ಟ್ರು ನೋಡಿ, ನಲವತ್ತು ನಲವತ್ತೊಂದು ದಿನ ಬೇಕು, ಆದ್ರೆ ಅಷ್ಟು ದಿನ ಇಟ್ಕೊಳ್ಳೋ ಹಾಗಿಲ್ಲ ಅಂದ್ಬಿಟ್ರು."

"ಹಳೇದೆಲ್ಲ ಈಗ್ಯಾಕೆ?" ಎಂದು ದೊಡ್ಡ ಸಿಸ್ಟರ್ ಅವನ ತೋಳು ಮುಟ್ಟಿದಳು.

"ಇರಿ ಸಿಸ್ಟರ್, ಒಳ್ಳೇ ಮಾತು ಇವತ್ತಲ್ದೆ ಇನ್ಯಾವತ್ತು ಹೇಳೋದು? ನಿಮ್ಮಪ್ಪ ಅಲ್ಲೇ ನಿಂತು ಬೆರಳು ಮಡಚಿದ್ರಮ್ಮ. ನಲವತ್ತೊಂದರಲ್ಲಿ ಆರು ಕಳೀರಿ, ಮೂವತ್ತೈದು. ಈ ಮೂವತ್ತೈದು ದಿನಾನ ಬೇರೆಯವರ ಹತ್ರ ಕೇಳಿ ತಂದ್ರೆ ಸರಾಸರಿ ಅಲ್ಲಾಡಲ್ಲ ಅಂದ್ರು. ಮನೇಲಿ ನೋಡ್ಕೊಳ್ಳೋರು ಇರೋ ರೋಗಿಗಳನ್ನ ಆರಿಸಿ, ಡಾಕ್ಟ್ರನ್ನ ಒಪ್ಪಿಸಿ, ಒಬ್ಬೊಬ್ರನ್ನ ಒಂದಿನ ಮೊದಲೇ, ಎರಡು ದಿನ ಮೊದಲೇ ಮನೆಗೆ ಕಳಿಸೋದು. ಮಧ್ಯಾಹ್ನ ಊಟದ ಹೊತ್ತಲ್ಲಿ ಅವರ ಮನೆಗೆಲ್ಲ ಹೋಗಿ ಹೇಗಿದ್ದೀರಿ ಅಂತ ನೋಡ್ಕೊಂಡು ಬರೋದು. ಮೊದಲು ಯಾರಿಂದ ಶುರು ಮಾಡಿದ್ರು ಹೇಳು? ನಿಮ್ಮಮ್ಮನಿಂದ! ಬೇರೆಯವರ ಹತ್ರ ಒಂದು, ಎರಡು. ಸ್ವಂತ ಹೆಂಡತಿ ಹತ್ರ ಮೂರು!"

ನಡುಮನೆಯವರೆಲ್ಲ ಹೆಂಡತಿಯ ಕಡೆ ತಿರುಗಿದರು. ತಳ್ಳುಗಾಡಿ ಅದನ್ನು ಗೌರವವೆಂದು ತಿಳಿದ.

"ಆಮೇಲೆ ಕೊನೇ ದಿನ. ಸೊಂಟದವರನ್ನ ಒಬ್ಬೊಬ್ರೇ ಬಿಡಲ್ಲ, ಕರ್ಕೊಂಡು ಹೋಗೋರು ಸಹಿ ಹಾಕ್ಬೇಕು. ಇವ್ಳಿಗೆ ಯಾರಿದ್ದಾರೆ? ಸಾಹೇಬ್ರು ತಮ್ಮನೆ ವಿಳಾಸ ಬರೆದು ಸಹಿ ಜಡಿದ್ರು. ನಾನೂ ಅವರೂ ಕುರ್ಚಿ ಸಮೇತ ನಾಲ್ಕು ಮಹಡಿ ಹತ್ತಿಸಿದ್ವಿ. ಮೂರನೇ ಮಹಡೀಲಿ ನನ್ನ ಬೆನ್ನು ಹಿಡ್ಕೊಳ್ತು. ಈಯಮ್ಮ ಕುರ್ಚಿ ಮೇಲೆ ಕೂತು 'ಇಬ್ರನ್ನೂ ಅಡ್ಮಿಟ್ ಮಾಡ್ಬೇಕಾಗತ್ತೆ' ಅಂತಾಳೆ!"

ಯಾರೂ ನಗಲಿಲ್ಲ. ನಾದಿನಿ ಮಾತ್ರ ಅತ್ತಿಗೆಯ ಮುಖವನ್ನು ನೋಡಿ ತನ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೆಂಡತಿ ಪೆಟ್ಟಿಗೆಯ ಅಂಚನ್ನು ಹಿಡಿದು ಕುಳಿತಿದ್ದಳು. ಸರಾಸರಿಯ ಪಾಠವನ್ನು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ಆಕೆ: ಹೆಚ್ಚಿದ್ದವರಿಂದ ತೆಗೆದು ಕಡಿಮೆ ಇದ್ದವರಿಗೆ ಹಾಕಿ, ಎಲ್ಲರೂ ಸಮವಾಗುವ ತನಕ. ಹಲಗೆಯ ಮೇಲೆ ಎಷ್ಟು ಸುಲಭವಾಗಿತ್ತು ಅದು! ಹತ್ತೊಂಬತ್ತು ವರ್ಷ ತಾನು ಹುಡುಕಿದ ಪಾಪ ಅಲ್ಲಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತೇನೋ, ಆ ಹೆಂಗಸಿಗೆ ಅವನು ಕೊಟ್ಟದ್ದು ಅವನದೇ ಆಗಿರುತ್ತಿತ್ತು. ಕೊಟ್ಟದ್ದು ಹೆಂಡತಿಯ ಮೂರು ದಿನಗಳನ್ನು. ಕೇಳಲೂ ಇಲ್ಲ. 'ಅವಳ ಮನೇಲಿ ನಾನಿಲ್ಲ' ಎಂದ ಆ ಮಾತಿನ ಮಾಧುರ್ಯದ ಕೆಳಗೆ ಒಂದು ವ್ಯವಕಲನವಿತ್ತು. ಕೇಳಿದ್ದರೆ ಕೊಡುತ್ತಿದ್ದೆನೇ ಇಲ್ಲವೇ ಎಂಬುದು ತನಗೇ ಎಂದೆಂದಿಗೂ ತಿಳಿಯದಂತೆ ಮಾಡಿಟ್ಟು ಅವನು ಹೋಗಿದ್ದ. ಹೊಟ್ಟೆಯ ಹಳೆಯ ಗಾಯ ಇದ್ದ ಕಡೆ ಆಕೆಯ ಕೈ ತಾನಾಗಿ ಹೋಯಿತು.

ಹೊರಗೆ ಗಾಡಿಯ ಹಾರನ್ ಕೇಳಿಸಿತು.

*

ಪೆಟ್ಟಿಗೆಯನ್ನು ಗಾಡಿಯೊಳಕ್ಕೆ ಸರಿಸಿ, ಚಾಲಕ ಹಿಂದಿನ ಬಾಗಿಲನ್ನು ತೆರೆದೇ ಬಿಟ್ಟ. "ಒಳಗೆ ಪಕ್ಕದ ಬೆಂಚಲ್ಲಿ ಇಬ್ರಿಗೆ ಮಾತ್ರ ಜಾಗ. ಉಳಿದೋರು ಹಿಂದಿನ ಬಸ್ಸು ಹತ್ಕೊಳ್ಳಿ. ಬೇಗ ಬೇಗ."

ಹೆಂಡತಿ ಹತ್ತಿ ಕುಳಿತಳು. ಮಗಳು ಹಿಂದೆಯೇ ಕಾಲಿಡುವಷ್ಟರಲ್ಲಿ, ಬೇಲಿಯ ಬಳಿ ಹೊಲಿಗೆಯವಳು ದೊಡ್ಡ ಸಿಸ್ಟರಿಗೆ ಹೇಳುತ್ತಿದ್ದುದು ಕೇಳಿಸಿತು: "ನಾನು ಇಲ್ಲಿಂದಾನೇ ಹೊರಡ್ತೀನಿ ಸಿಸ್ಟರ್. ಅಕ್ಕನಿಗೆ ನಾನು ಬಂದಿದ್ದು ಸರಿಹೋಗಿಲ್ಲ."

"ನಿಲ್ಲು," ಎಂದಳು ಹೆಂಡತಿ ಗಾಡಿಯೊಳಗಿನಿಂದ.

ಬಸ್ಸಿನತ್ತ ಹೊರಟವರೆಲ್ಲ ನಿಂತರು.

"ಮೂವತ್ತೆಂಟನೇ ದಿನ, ಸಂಜೆ. ಅವರ ಕೈ ನಿನ್ನ ಕಾಲ ಕೆಳಗೆ ಯಾಕಿತ್ತು?"

ಹೊಲಿಗೆಯವಳು ಕಣ್ಣರಳಿಸಿದಳು. "ನೀವು ನೋಡಿದ್ರಾ?"

"ಎಣಿಸ್ತಿದ್ದೆ. ಒಂದೊಂದು ದಿನಾನೂ."

"ನಾನೂ ಎಣಿಸ್ತಿದ್ದೆ ಅಕ್ಕ." ಅವಳು ಬೇಲಿಯ ಕಂಬಕ್ಕೆ ಒರಗಿಕೊಂಡಳು. "ಇದು ಮೆಷಿನ್ ತುಳಿಯೋ ಕಾಲು. ಇದು ಹೋದ್ರೆ ನನ್ನ ಅನ್ನ ಹೋಯ್ತು. ವ್ಯಾಯಾಮ ಮಾಡಿಸೋರು ವಾರಕ್ಕೊಂದ್ಸಲ ಬರೋರು. ಉಳಿದ ದಿನ ಸಾಹೇಬ್ರು ಅಂಗೈ ಒಡ್ಡಿ, ಇದೇ ನಿನ್ನ ಮೆಷಿನ್ನು, ತುಳಿಯಮ್ಮ, ಇನ್ನೂ ಜೋರಾಗಿ ತುಳಿ ಅನ್ನೋರು. ನೋವಿಗೆ ಅಳ್ತಿದ್ದೆ. ಆದ್ರೆ ಐದೂವರೆ ಆಯ್ತೋ, ಎದ್ದುಬಿಡೋರು. ಎಷ್ಟು ಅತ್ರೂ ಒಂದು ನಿಮಿಷ ಜಾಸ್ತಿ ಕೂರ್ತಿರಲಿಲ್ಲ. ಮನೇಲಿ ಕಾಯ್ತಿದ್ದಾಳೆ ಅನ್ನೋರು, ಅಷ್ಟೇ." ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದಳು: "ನನಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ ಅಕ್ಕ? ಮೂರೇ ದಿನಕ್ಕೆ ಕರ್ಕೊಂಡು ಹೋಗೋರು ಇದ್ರಲ್ಲ ನಿಮಗೆ! ನಾನು ನಲವತ್ತೊಂದು ದಿನ ಬಾಗಿಲು ನೋಡ್ದೆ."



"ಆ ನಲವತ್ತೊಂದರಲ್ಲಿ ಮೂರು ದಿನ ನನ್ನವು," ಎಂದಳು ಹೆಂಡತಿ.

"ಹೌದಂತೆ. ನನಗೂ ಇವತ್ತೇ ಗೊತ್ತಾಗಿದ್ದು."

"ಯಾವ ಮೂರು?"

ಹೊಲಿಗೆಯವಳು ಅದನ್ನು ಹುಚ್ಚುಪ್ರಶ್ನೆಯೆಂದು ಭಾವಿಸಲಿಲ್ಲ. ಅಳತೆ ಕೇಳಿದವರಿಗೆ ಟೇಪು ಹಿಡಿದು ಹೇಳುವವಳಂತೆ ಯೋಚಿಸಿದಳು.

"ಕೊನೇ ಮೂರು ಅಂತ ಇಟ್ಕೊಳ್ಳಿ. ನಾನು ಗೋಡೆ ಬಿಟ್ಟು ನಡೆದದ್ದು ಆ ಮೂರು ದಿನದಲ್ಲೇ."

"ಹಾಗಾದ್ರೆ ನಡೆದು ತೋರ್ಸು."

"ಅಮ್ಮ!" ಎಂದಳು ಮಗಳು.

"ನೀನು ಬಸ್ಸಿಗೆ ಹೋಗು." ಹೆಂಡತಿಯ ಕಣ್ಣು ಬೇಲಿಯ ಕಡೆಯಿಂದ ಕದಲಲಿಲ್ಲ. "ಅಲ್ಲಿಂದ ಇಲ್ಲಿಗೆ. ಕೋಲಿಲ್ಲದೆ."

ತಳ್ಳುಗಾಡಿ ಅಭ್ಯಾಸಬಲದಿಂದ ಮುಂದೆ ಬಂದ. ದೊಡ್ಡ ಸಿಸ್ಟರ್ ಅವನ ಅಂಗಿಯ ಚುಂಗು ಹಿಡಿದು ನಿಲ್ಲಿಸಿದಳು. ಹೊಲಿಗೆಯವಳು ಕೋಲನ್ನು ಬೇಲಿಗೆ ಒರಗಿಸಿದಳು. ಸೀರೆಯ ನೆರಿಗೆಯನ್ನು ತುಸು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಲಗಾಲನ್ನು ಮುಂದಿಟ್ಟಳು. ಇಡೀ ದೇಹ ಒಂದು ಕಡೆಗೆ ವಾಲಿತು, ನಿಂತಿತು, ನೆಟ್ಟಗಾಯಿತು. ಎರಡು. ಮೂರು. ನಾಲ್ಕನೆಯ ಹೆಜ್ಜೆಗೆ ಅವಳ ಹಣೆಯಲ್ಲಿ ಬೆವರೊಡೆಯಿತು. ಆದರೆ ಗೋಡೆಯಿರಲಿ, ಗಾಳಿಯನ್ನೂ ಅವಳು ಹಿಡಿಯಲಿಲ್ಲ. ಹೆಂಡತಿಯ ತುಟಿಗಳು ಎಣಿಸುತ್ತಿದ್ದವು. ಏಳು. ಎಂಟು. ಚಾಲಕ ಗಡಿಯಾರ ನೋಡಿಕೊಂಡವನು ಮತ್ತೆ ನೋಡಲಿಲ್ಲ.

ಹನ್ನೊಂದನೆಯ ಹೆಜ್ಜೆಗೆ ಅವಳು ಗಾಡಿಯ ಮೆಟ್ಟಿಲನ್ನು ಮುಟ್ಟಿ, ಬಾಗಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ ತಲೆಯೆತ್ತಿದಳು.

ಹೆಂಡತಿ ಬೆಂಚಿನ ಮೇಲೆ ಸರಿದಳು. ಬಹಳವಲ್ಲ, ಒಬ್ಬರು ಕೂರುವಷ್ಟು. ಕೈಯನ್ನು ಮಾತ್ರ ಚಾಚಲಿಲ್ಲ. ಅದು ಪೆಟ್ಟಿಗೆಯ ಮೇಲೆ, ಅವನ ಎದೆಯಿರುವ ಜಾಗದಲ್ಲಿ, ಐದೂ ಬೆರಳು ಹರಡಿಕೊಂಡೇ ಇತ್ತು.